ಸ್ನೇಹವೇ ಬಂಡವಾಳವಾದಾಗ: 'ಸಂಸ್ಕಾರ' ಚಿತ್ರಬಳಗದ ದುಡಿಮೆ ಮತ್ತು ಅಗಲಿಕೆ

ಕನ್ನಡದಲ್ಲಿ ಹೊಸ ಅಲೆಯ ಚಿತ್ರಗಳ ಚರಿತ್ರೆಯನ್ನು ಬರೆದವರೆಲ್ಲರೂ ಬಹುಮಟ್ಟಿಗೆ 1970ರ 'ಸಂಸ್ಕಾರ'ದಿಂದಲೇ ಆರಂಭಿಸುತ್ತಾರೆ. ಆ ಚಿತ್ರದ ವಸ್ತು, ಅದು ಎಬ್ಬಿಸಿದ ವಿವಾದ, ಕಾದಂಬರಿಗೂ ಚಿತ್ರಕ್ಕೂ ಇರುವ ಅಂತರ ಇವುಗಳ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಒಂದು ಚಿತ್ರವನ್ನು ವಾಸ್ತವವಾಗಿ ಸಾಧ್ಯವಾಗಿಸಿದ ದುಡಿಮೆಯ ಸಂಬಂಧಗಳು ಯಾವ ಬಗೆಯವು ಎಂಬ ಪ್ರಶ್ನೆ ಅಷ್ಟಾಗಿ ಎದ್ದಿಲ್ಲ. ಚಿತ್ರೋದ್ಯಮದ ಹೊರಗೆ ನಿಂತು ಚಿತ್ರ ಮಾಡಹೊರಟವರಿಗೆ ತಾರೆಯರಾಗಲಿ, ವಿತರಕರ ಮುಂಗಡವಾಗಲಿ, ಸ್ಟುಡಿಯೋದ ವ್ಯವಸ್ಥೆಯಾಗಲಿ ಇರಲಿಲ್ಲ. ಅವುಗಳ ಜಾಗವನ್ನು ತುಂಬಿದ್ದು ಸ್ನೇಹ. ಸ್ನೇಹದ ಮೇಲೆ ನಿಂತ ಉತ್ಪಾದನಾ ಕ್ರಮಕ್ಕೆ ತನ್ನದೇ ಆದ ಶಕ್ತಿಯೂ ಉಂಟು, ದೌರ್ಬಲ್ಯವೂ ಉಂಟು.

ಈ ಬಳಗ ಕೂಡಿಬಂದದ್ದು ಕರ್ನಾಟಕದಲ್ಲಿ ಅಲ್ಲ, ಮದರಾಸಿನಲ್ಲಿ ಎಂಬುದು ಮೊದಲು ಗಮನಿಸಬೇಕಾದ ಸಂಗತಿ. ಗಿರೀಶ ಕಾರ್ನಾಡರು 1963ರಿಂದ 1970ರವರೆಗೆ ಅಲ್ಲಿಯ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ಉದ್ಯೋಗದಲ್ಲಿದ್ದರು. ಹಗಲು ಪ್ರಕಾಶನ ಸಂಸ್ಥೆಯ ಕೆಲಸ, ಬಿಡುವಿನಲ್ಲಿ ನಾಟಕ. 'ಮದ್ರಾಸ್ ಪ್ಲೇಯರ್ಸ್' ಎಂಬ ಹವ್ಯಾಸಿ ತಂಡ ಇಂಗ್ಲಿಷ್ ನಾಟಕಗಳನ್ನು ಆಡುತ್ತಿತ್ತು. ಅದರ ಸ್ಥಾಪಕ ಸದಸ್ಯರಲ್ಲಿ ಒಬ್ಬರು ಸ್ನೇಹಲತಾ ರೆಡ್ಡಿ. ಅವರ ಪತಿ ಪಟ್ಟಾಭಿರಾಮ ರೆಡ್ಡಿ ನೆಲ್ಲೂರಿನವರು, 'ಫಿಡೇಲು ರಾಗಾಲ ಡಜನ್' ಎಂಬ ಸಂಕಲನದಿಂದ ತೆಲುಗು ಕಾವ್ಯದಲ್ಲಿ ಹೊಸ ದಾರಿ ತೆರೆದವರು. ತೆಲುಗು ಚಿತ್ರನಿರ್ಮಾಣದಲ್ಲಿಯೂ ಅವರಿಗೆ ಅನುಭವವಿತ್ತು, ಕೆ.ವಿ. ರೆಡ್ಡಿ ನಿರ್ದೇಶಿಸಿದ 'ಪೆಳ್ಳಿನಾಟಿ ಪ್ರಮಾಣಾಲು' (1958) ಚಿತ್ರದ ನಿರ್ಮಾಣದಲ್ಲಿ ಅವರ ಪಾಲಿತ್ತು. ದಂಪತಿಗಳಿಬ್ಬರೂ ರಾಮಮನೋಹರ ಲೋಹಿಯಾ ಅವರ ಅನುಯಾಯಿಗಳು. 1967ರಲ್ಲಿ ಲೋಹಿಯಾ ತೀರಿಕೊಂಡ ಮೇಲೆ ಕೈಗೂಡಿದ ಈ ಚಿತ್ರದ ನಿರ್ಮಾಣ ಸಂಸ್ಥೆಗೆ 'ರಾಮಮನೋಹರ ಚಿತ್ರ' ಎಂದು ಹೆಸರಿಟ್ಟದ್ದು ಆಕಸ್ಮಿಕವಲ್ಲ. ಅಗಲಿದ ಗುರುವಿನ ನೆನಪು ಹೀಗೆ ಚಿತ್ರದ ಹಣೆಯ ಮೇಲೆಯೇ ಇದೆ.

ಯು.ಆರ್. ಅನಂತಮೂರ್ತಿಯವರೂ ಲೋಹಿಯಾವಾದದ ಪ್ರಭಾವದಲ್ಲಿ ಬೆಳೆದವರೇ. 1965ರಲ್ಲಿ ಪ್ರಕಟವಾದ ಅವರ ಕಾದಂಬರಿಯ ಹುಟ್ಟಿನಲ್ಲಿಯೇ ಒಂದು ಚಲನಚಿತ್ರದ ಪಾತ್ರವಿದೆ. ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ನಡೆಸುತ್ತಿದ್ದಾಗ ಅವರು ಮಾಲ್ಕಂ ಬ್ರಾಡ್‌ಬರಿಯವರೊಡನೆ ಬರ್ಗ್‌ಮನ್ನನ 'ದಿ ಸೆವೆಂತ್ ಸೀಲ್' ನೋಡಿದ್ದು, ಆ ಬಳಿಕ ನಡೆದ ಮಾತುಕತೆಯ ಪ್ರೇರಣೆಯಿಂದ ಕೃತಿ ರೂಪುಗೊಂಡದ್ದು ಈಗ ಎಲ್ಲರಿಗೂ ತಿಳಿದ ಸಂಗತಿ. ಪ್ಲೇಗಿನ ಹಿನ್ನೆಲೆಯಲ್ಲಿ ನಂಬಿಕೆಯ ಪರೀಕ್ಷೆ ನಡೆಸುವ ಸ್ವೀಡಿಷ್ ಚಿತ್ರದಿಂದ ಮಲೆನಾಡಿನ ಅಗ್ರಹಾರದ ಕಾದಂಬರಿ, ಆ ಕಾದಂಬರಿಯಿಂದ ಮತ್ತೆ ಚಿತ್ರ: ಈ ವರ್ತುಲ ತೌಲನಿಕ ಅಧ್ಯಯನಕ್ಕೆ ಇನ್ನೂ ಹೆಚ್ಚಿನ ಗಮನವನ್ನು ಬೇಡುತ್ತದೆ.

ಚಿತ್ರದ ತಂಡವನ್ನು ಒಮ್ಮೆ ಪರಿಶೀಲಿಸಿದರೆ ಸ್ನೇಹದ ಜಾಲ ಎಷ್ಟು ದೂರ ಹಬ್ಬಿತ್ತು ಎಂಬುದು ಸ್ಪಷ್ಟವಾಗುತ್ತದೆ. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರವನ್ನು ವಹಿಸಿದವರು ಕಾರ್ನಾಡರು. ನಾರಣಪ್ಪನಾಗಿ ಕಾಣಿಸಿಕೊಂಡವರು ಬೆಂಗಳೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಪಿ. ಲಂಕೇಶ್. ಚಂದ್ರಿಯ ಪಾತ್ರ ಸ್ನೇಹಲತಾ ಅವರದು. ಕಲಾ ನಿರ್ದೇಶನ ಮಾಡಿದ ಎಸ್.ಜಿ. ವಾಸುದೇವ್ ಮದರಾಸಿನ ಹೊರವಲಯದ ಚೋಳಮಂಡಲ ಕಲಾವಿದರ ಗ್ರಾಮದ ಚಿತ್ರಕಾರ. ಸಂಗೀತ ನೀಡಿದ ರಾಜೀವ ತಾರಾನಾಥರು ಅಲಿ ಅಕ್ಬರ್ ಖಾನರ ಶಿಷ್ಯರಾದ ಸರೋದ್ ವಾದಕರು, ಜೊತೆಗೆ ಸಾಹಿತ್ಯದ ಅಧ್ಯಾಪಕರು. ಛಾಯಾಗ್ರಹಣ ಆಸ್ಟ್ರೇಲಿಯದ ಟಾಮ್ ಕೋವನ್ ಅವರದು. ಸಂಕಲನದಲ್ಲಿಯೂ ಸ್ಟೀವನ್ ಕಾರ್ಟಾ ಎಂಬ ವಿದೇಶೀಯರ ಹೆಸರಿದೆ. ಇವರಲ್ಲಿ ಬಹುತೇಕರ ಜೀವನೋಪಾಯ ಚಲನಚಿತ್ರವಾಗಿರಲಿಲ್ಲ. ಒಬ್ಬರು ಪ್ರಕಾಶನದಿಂದ, ಇನ್ನೊಬ್ಬರು ಪಾಠದಿಂದ, ಮತ್ತೊಬ್ಬರು ಕುಂಚದಿಂದ ಬದುಕುತ್ತಿದ್ದವರು.

ಆದರೂ ಇದನ್ನು ಕೇವಲ ಹವ್ಯಾಸಿಗಳ ಸಾಹಸವೆಂದು ಬಣ್ಣಿಸುವುದು ಸರಿಯಾಗಲಾರದು. ಕಾರ್ಯನಿರ್ವಾಹಕ ನಿರ್ದೇಶಕರಾಗಿ ತಂಡದಲ್ಲಿದ್ದ ಸಿಂಗೀತಂ ಶ್ರೀನಿವಾಸ ರಾವ್ ಅವರು ಕೆ.ವಿ. ರೆಡ್ಡಿಯವರ ಬಳಿ ಪಳಗಿದವರು. ಮುಖ್ಯಧಾರೆಯ ತೆಲುಗು ಚಿತ್ರರಂಗದ ಅಚ್ಚುಕಟ್ಟಾದ ಕಸುಬುಗಾರಿಕೆ ಅವರ ಮೂಲಕ, ಹಾಗೂ ಪಟ್ಟಾಭಿಯವರ ಹಿಂದಿನ ಅನುಭವದ ಮೂಲಕ, ಈ ಪರ್ಯಾಯ ಪ್ರಯೋಗದೊಳಗೆ ಹರಿದುಬಂತು. ಹೊಸ ಅಲೆಯು ಉದ್ಯಮವನ್ನು ಸಂಪೂರ್ಣವಾಗಿ ಧಿಕ್ಕರಿಸಿ ಹುಟ್ಟಿತೆಂಬ ಜನಪ್ರಿಯ ಕಥನವನ್ನು ಈ ಒಂದು ಹೆಸರೇ ಪ್ರಶ್ನಿಸುತ್ತದೆ.

ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ ಚಿತ್ರೀಕರಣ ನಡೆಯಿತು. ನಿಜವಾದ ಊರು, ನಿಜವಾದ ಮನೆಗಳು, ಕಪ್ಪು ಬಿಳುಪಿನ ಛಾಯಾಗ್ರಹಣ. ಈ ಆಯ್ಕೆಗಳಲ್ಲಿ ಸೌಂದರ್ಯದೃಷ್ಟಿ ಎಷ್ಟು, ಮಿತವ್ಯಯದ ಒತ್ತಡ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಬಹುಶಃ ಬೇರ್ಪಡಿಸಬೇಕಾದ ಅಗತ್ಯವೂ ಇಲ್ಲ. ಹಣದ ಕೊರತೆಯೇ ಶೈಲಿಯಾಗಿ ಮಾರ್ಪಡುವುದು ಸ್ವತಂತ್ರ ಚಿತ್ರನಿರ್ಮಾಣದ ಸಾಮಾನ್ಯ ಲಕ್ಷಣ. ಇನ್ನೊಂದು ವಿಶೇಷವನ್ನೂ ಇಲ್ಲಿ ಹೇಳಬೇಕು. ಮಾಧ್ವ ಅಗ್ರಹಾರದ ಅಂತರಂಗವನ್ನು ತೋರಿಸುವ ಈ ಚಿತ್ರದ ನಿರ್ದೇಶಕ ತೆಲುಗು ಕವಿ, ನಾಯಕ ಕೊಂಕಣಿ ಮನೆಮಾತಿನವ, ನಾಯಕಿಯ ಮನೆಮಾತೂ ಕನ್ನಡವಲ್ಲ, ಛಾಯಾಗ್ರಾಹಕನಿಗಂತೂ ಈ ಪರಿಸರವೇ ಹೊಸದು. ಇದನ್ನು ಚಿತ್ರದ ಕೊರತೆಯೆಂದು ಎಣಿಸುವವರಿದ್ದಾರೆ. ಆದರೆ ಒಳಗಿನವರಿಗೆ ರೂಢಿಯಿಂದ ಕಾಣದಂತಾದ ಆಚಾರವಿವರಗಳು ಹೊರಗಿನ ಕಣ್ಣಿಗೆ ತೀಕ್ಷ್ಣವಾಗಿ ಕಂಡಿರಬಹುದು ಎಂಬ ವಾದವೇ ಚಿತ್ರದ ಸಾಕ್ಷ್ಯಕ್ಕೆ ಹೆಚ್ಚು ಹತ್ತಿರವಾದುದು.

ಚಿತ್ರ ಪೂರ್ಣಗೊಂಡರೂ ಸಂಕಷ್ಟ ಮುಗಿಯಲಿಲ್ಲ. ಮದರಾಸಿನ ಸೆನ್ಸಾರ್ ಮಂಡಳಿ ಪ್ರಮಾಣಪತ್ರವನ್ನು ನಿರಾಕರಿಸಿತು. ವಿಷಯ ಕೇಂದ್ರ ಸರ್ಕಾರದವರೆಗೆ ಹೋಗಿ, ಅಲ್ಲಿ ಅನುಮತಿ ದೊರೆತು, ಚಿತ್ರ ತೆರೆ ಕಂಡಿತು. 1970ರ ಸಾಲಿನ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ಕನ್ನಡಕ್ಕೆ ಆ ಗೌರವ ಬಂದದ್ದು ಅದೇ ಮೊದಲು. ದೊಡ್ಡ ಸಂಸ್ಥೆಯೊಂದು ಇಂಥ ವಿಳಂಬವನ್ನು ನಷ್ಟದ ಬಾಬಿನಲ್ಲಿ ಬರೆದುಕೊಂಡು ಮುಂದೆ ಸಾಗಬಲ್ಲದು. ಸ್ವಂತ ಹಣ ಹೂಡಿದ ಸಣ್ಣ ಬಳಗಕ್ಕೆ ಪ್ರಮಾಣಪತ್ರದ ನಿರಾಕರಣೆ ಎಂದರೆ ಇಡೀ ದುಡಿಮೆ ಡಬ್ಬಿಯಲ್ಲಿ ಉಳಿಯುವ ಭಯ.

ಅನಂತರ ಬಳಗದವರು ಬೇರೆ ಬೇರೆ ದಿಕ್ಕುಗಳಲ್ಲಿ ನಡೆದರು. ಕಾರ್ನಾಡರು ಬಿ.ವಿ. ಕಾರಂತರೊಡನೆ 'ವಂಶವೃಕ್ಷ' (1971), ಬಳಿಕ 'ಕಾಡು' (1973) ನಿರ್ದೇಶಿಸಿದರು. ಲಂಕೇಶರ 'ಪಲ್ಲವಿ' 1976ರ ಸಾಲಿನಲ್ಲಿ ಅವರಿಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿಯನ್ನು ತಂದಿತು. ಅದಕ್ಕೂ ರಾಜೀವ ತಾರಾನಾಥರದೇ ಸಂಗೀತ. ತಾರಾನಾಥರು ಮಲಯಾಳದಲ್ಲಿ ಅರವಿಂದನ್ ಅವರ 'ಕಾಂಚನ ಸೀತಾ'ಕ್ಕೂ ಸಂಗೀತ ಒದಗಿಸಿದರು. ಕೋವನ್ ಆಸ್ಟ್ರೇಲಿಯದಲ್ಲಿ ತಮ್ಮದೇ ಚಿತ್ರಗಳಿಗೆ ತೊಡಗಿದರು. ಪಟ್ಟಾಭಿಯವರು ಲಂಕೇಶರ 'ಕ್ರಾಂತಿ ಬಂತು ಕ್ರಾಂತಿ' ನಾಟಕವನ್ನು ಆಧರಿಸಿ 'ಚಂಡಮಾರುತ' ಚಿತ್ರವನ್ನು ಕೈಗೊಂಡರು. ಗೆಳೆಯರ ಕೃತಿಯನ್ನು ಗೆಳೆಯರು ಎತ್ತಿಕೊಳ್ಳುವ ಕ್ರಮ ಇನ್ನೂ ನಡೆದೇ ಇತ್ತು.

ಈ ಬಳಗಕ್ಕೆ ಬಿದ್ದ ಪೆಟ್ಟು ಚಿತ್ರರಂಗದಿಂದ ಬಂದದ್ದಲ್ಲ. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸ್ ಅವರೊಡನೆ ರೆಡ್ಡಿ ದಂಪತಿಗಳಿಗೆ ಹಳೆಯ ಸಮಾಜವಾದಿ ಒಡನಾಟವಿತ್ತು. 1976ರ ಮೇ ತಿಂಗಳಲ್ಲಿ ಸ್ನೇಹಲತಾ ಅವರನ್ನು ಬರೋಡಾ ಡೈನಮೈಟ್ ಪ್ರಕರಣದ ಸಂಬಂಧದಲ್ಲಿ ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇರಿಸಲಾಯಿತು. ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. 'ಮೀಸಾ' ಕಾಯಿದೆಯ ಅಡಿಯಲ್ಲಿ ಬಂಧನ ಮಾತ್ರ ಮುಂದುವರಿಯಿತು. ಅವರಿಗೆ ತೀವ್ರವಾದ ಉಬ್ಬಸವಿತ್ತು. ಅದೇ ಸೆರೆಮನೆಯಲ್ಲಿದ್ದ ಮಧು ದಂಡವತೆಯವರು ರಾತ್ರಿಯ ನೀರವದಲ್ಲಿ ಆಕೆಯ ಕೋಣೆಯಿಂದ ಚೀತ್ಕಾರ ಕೇಳಿಬರುತ್ತಿದ್ದುದನ್ನು ಮುಂದೆ ದಾಖಲಿಸಿದ್ದಾರೆ. ಆ ಸ್ಥಿತಿಯಲ್ಲಿಯೂ ಸ್ನೇಹಲತಾ ಮಹಿಳಾ ಕೈದಿಗಳ ಮೇಲಿನ ಹೊಡೆತವನ್ನು ಪ್ರತಿಭಟಿಸಿದರು, ಒಳ್ಳೆಯ ಆಹಾರಕ್ಕಾಗಿ ಒತ್ತಾಯಿಸಿದರು, ಅವರಿಗೆ ಹಾಡು ನಾಟಕಗಳನ್ನು ಕಲಿಸಿದರು. ರಂಗಭೂಮಿ ಅವರಿಗೆ ಸೆರೆಯೊಳಗೂ ಕೆಲಸವಾಗಿಯೇ ಉಳಿಯಿತು.

1977ರ ಜನವರಿ 15ರಂದು ಆರೋಗ್ಯ ಪೂರ್ತಿ ಕೆಟ್ಟಮೇಲೆ ಅವರನ್ನು ಪೆರೋಲಿನ ಮೇಲೆ ಬಿಡುಗಡೆ ಮಾಡಲಾಯಿತು. ಜನವರಿ 18ರಂದು ಲೋಕಸಭೆಯ ಚುನಾವಣೆ ಘೋಷಣೆಯಾಯಿತು. ಜನವರಿ 20ರಂದು ಸ್ನೇಹಲತಾ ತೀರಿಕೊಂಡರು. 1932ರಲ್ಲಿ ಹುಟ್ಟಿದ ಅವರಿಗೆ ಆಗ 44 ವರ್ಷ. ಅವರ ಸೆರೆಮನೆಯ ದಿನಚರಿಯನ್ನು ಅದೇ ವರ್ಷ ಕರ್ನಾಟಕದ ಮಾನವ ಹಕ್ಕುಗಳ ಸಮಿತಿ ಪ್ರಕಟಿಸಿತು. 'ಚಂಡಮಾರುತ' 1977ರ ಚಿತ್ರವೆಂದು ದಾಖಲಾಗಿದೆ. ಪಟ್ಟಾಭಿಯವರ ಮುಂದಿನ ಚಿತ್ರ 'ಶೃಂಗಾರಮಾಸ' ಬಂದದ್ದು 1984ರಲ್ಲಿ, ಅದರ ಮುಂದಿನದು 'ದೇವರಕಾಡು', 1993ರಲ್ಲಿ. ಈ ದೀರ್ಘ ಅಂತರಗಳಿಗೆ ಒಂದೇ ಕಾರಣವನ್ನು ಆರೋಪಿಸುವುದು ವಿಮರ್ಶೆಯ ಶಿಸ್ತಲ್ಲ. ಆದರೆ ಮನೆ, ರಂಗತಂಡ, ರಾಜಕೀಯ ಮತ್ತು ಚಿತ್ರನಿರ್ಮಾಣ ಇವೆಲ್ಲವೂ ಒಂದೇ ಆವರಣದಲ್ಲಿ ನಡೆಯುತ್ತಿದ್ದಾಗ ಅದರ ಕೇಂದ್ರದಲ್ಲಿದ್ದ ಒಬ್ಬರು ಇಲ್ಲವಾದುದನ್ನು ಕೇವಲ ಕೌಟುಂಬಿಕ ನಷ್ಟವೆಂದು ಬದಿಗಿಡಲೂ ಬರುವುದಿಲ್ಲ. ಉದ್ಯಮದಲ್ಲಿ ನಟಿಯೊಬ್ಬಳ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ. ಸ್ನೇಹದ ಮೇಲೆ ಕಟ್ಟಿದ ತಂಡದಲ್ಲಿ ಅಂಥ ಬದಲಿ ಇಲ್ಲ.

ಸ್ನೇಹಾಧಾರಿತ ದುಡಿಮೆಯ ಇನ್ನೊಂದು ಪರಿಣಾಮ ಸಂಶೋಧಕರನ್ನು ನೇರವಾಗಿ ತಟ್ಟುತ್ತದೆ. ಗೆಳೆಯರ ನಡುವೆ ಒಪ್ಪಂದಪತ್ರ, ಸಂಬಳದ ಪುಸ್ತಕಗಳ ಬಳಕೆ ಕಡಿಮೆ. ಆದ್ದರಿಂದ ಯಾರ ಸಲಹೆ ಯಾವುದು, ಯಾರ ಶ್ರಮ ಎಷ್ಟು ಎಂಬುದಕ್ಕೆ ಶೀರ್ಷಿಕೆಪಟ್ಟಿಯನ್ನು ಬಿಟ್ಟರೆ ಆತ್ಮಕಥೆಗಳೇ ಮುಖ್ಯ ಆಕರಗಳಾಗುತ್ತವೆ. ಲಂಕೇಶರ 'ಹುಳಿಮಾವಿನ ಮರ', ಕಾರ್ನಾಡರ 'ಆಡಾಡತ ಆಯುಷ್ಯ', ಅನಂತಮೂರ್ತಿಯವರ 'ಸುರಗಿ' ಈ ದೃಷ್ಟಿಯಿಂದ ಒಟ್ಟಿಗೆ ಇಟ್ಟು ಓದಬೇಕಾದ ಕೃತಿಗಳು. ಮೂರೂ ಬೇರೆ ಬೇರೆ ಮನೋಧರ್ಮದ ಬರಹಗಳು. 1980ರಲ್ಲಿ 'ಲಂಕೇಶ್ ಪತ್ರಿಕೆ' ಆರಂಭವಾದ ಮೇಲೆ ಹಳೆಯ ಗೆಳೆತನಗಳು ಮುನಿಸು ಮೆಚ್ಚುಗೆಗಳ ನಡುವೆ ತೂಗಾಡಿದ್ದು ಕನ್ನಡ ಓದುಗರಿಗೆ ಹೊಸದೇನಲ್ಲ. ಹೀಗಾಗಿ ನೆನಪಿನ ಬರಹಗಳಲ್ಲಿ ಬರುವ ಹೊಗಳಿಕೆ, ತೆಗಳಿಕೆ ಎರಡನ್ನೂ ಬರೆದ ಕಾಲದ ಸಂಬಂಧಗಳ ಹಿನ್ನೆಲೆಯಲ್ಲಿ ತೂಗಿ ನೋಡುವುದು ಅಗತ್ಯ.

ಲಂಕೇಶ್ 2000ದಲ್ಲಿ, ಪಟ್ಟಾಭಿ 2006ರಲ್ಲಿ, ಅನಂತಮೂರ್ತಿ 2014ರಲ್ಲಿ, ಕಾರ್ನಾಡ್ 2019ರಲ್ಲಿ, ರಾಜೀವ ತಾರಾನಾಥ್ 2024ರಲ್ಲಿ ನಿಧನ ಹೊಂದಿದರು. ಮೇಲೆ ಹೆಸರಿಸಿದ ಮೂರು ಆತ್ಮಕಥೆಗಳೂ ಪುರುಷರವು, ದೀರ್ಘಕಾಲ ಬದುಕಿ ಹಿಂದಿರುಗಿ ನೋಡಿದವರವು. ಸ್ನೇಹಲತಾ ಬಿಟ್ಟುಹೋದ ಬರಹ ಸೆರೆಮನೆಯದು. ಚಿತ್ರೀಕರಣದ ದಿನಗಳನ್ನು ಚಂದ್ರಿಯ ಪಾತ್ರಧಾರಿ ಹೇಗೆ ಕಂಡರು ಎಂಬುದನ್ನು ಬರೆದಿಡಲು ಬೇಕಾದ ವಯಸ್ಸು ಅವರಿಗೆ ದೊರೆಯಲಿಲ್ಲ.