ಯಂತ್ರದ ಮಟ್ಟ, ಕಾರ್ಮಿಕನ ಕೈ

ಪುಸ್ತಕದ ಹೊಳೆಯುವ ಹೊದಿಕೆ, ಬಿಸ್ಕತ್ತಿನ ಪೊಟ್ಟಣ, ಕಾಫಿಪುಡಿಯ ಚೀಲ - ಇವೆಲ್ಲವೂ ಲ್ಯಾಮಿನೇಷನ್ ಯಂತ್ರದ ಉರುಳೆಗಳ ನಡುವೆ ಹಾದುಬಂದಂಥವು. ಕಾಗದ ಅಥವಾ ಪ್ಲಾಸ್ಟಿಕ್ ಹಾಳೆಗೆ ಮತ್ತೊಂದು ತೆಳುಪದರವನ್ನು ಅಂಟು, ಶಾಖ ಮತ್ತು ಒತ್ತಡಗಳಿಂದ ಕೂಡಿಸುವುದು ಈ ಯಂತ್ರದ ಕೆಲಸ. 1958ರಲ್ಲಿ ಗಿಂಡಿಯಲ್ಲಿಯೂ 1964ರಲ್ಲಿ ಅಂಬತ್ತೂರಿನಲ್ಲಿಯೂ ಸ್ಥಾಪನೆಗೊಂಡ ಕೈಗಾರಿಕಾ ವಸಾಹತುಗಳು ಚೆನ್ನೈನ ಸಣ್ಣ ಉದ್ಯಮಗಳಿಗೆ ನೆಲೆಯೊದಗಿಸಿದವು. ಅಂಥ ನೆಲೆಗಳಲ್ಲಿ ಹೊಸ ಯಂತ್ರ ಬಂದಿಳಿದ ದಿನ ಕುಂಕುಮವಿಟ್ಟು, ನಿಂಬೆಹಣ್ಣು ಹಿಂಡಿ ಪೂಜಿಸುವುದು ವಾಡಿಕೆ. ಆದರೆ ಹಲವು ಟನ್ ತೂಗುವ ಆ ಯಂತ್ರ ಸಮನಾಗಿ ಕುಳಿತಿದೆಯೇ ಎಂದು ಪರೀಕ್ಷಿಸುವ ತಾಳ್ಮೆ ಎಲ್ಲ ಕಡೆಯೂ ಕಂಡುಬರುವುದಿಲ್ಲ. ಕೆಲಸಗಾರರ ಆರೋಗ್ಯಕ್ಕೂ ಈ ತಾಳ್ಮೆಗೂ ನಿಕಟವಾದ ಸಂಬಂಧವಿದೆ.

ಮಟ್ಟ ತಪ್ಪಿದರೆ ಆಗುವುದೇನು?

ಯಂತ್ರದ ಒಂದು ಬದಿ ಕೂದಲೆಳೆಯಷ್ಟು ತಗ್ಗಿದರೂ ಚೌಕಟ್ಟು ತಿರುಚಿಕೊಂಡು ಉರುಳೆಗಳ ಸಮಾನಾಂತರ ಕೆಡಬಹುದು. ಆಗ ಹಾಳೆ ಒಂದು ಪಕ್ಕಕ್ಕೆ ಸರಿಯುತ್ತದೆ, ಸುಕ್ಕುಗಳು ಏಳುತ್ತವೆ. ಸರಕು ಹಾಳಾಗುವುದನ್ನು ಕಂಡ ಕೆಲಸಗಾರ ಯಂತ್ರ ನಿಲ್ಲಿಸಲು ಹಿಂಜರಿದು, ಓಡುತ್ತಿರುವ ಹಾಳೆಯ ಸುಕ್ಕನ್ನು ಅಂಗೈಯಿಂದ ಸವರಲು ಮುಂದಾಗುತ್ತಾನೆ. ಎದುರುಬದುರಾಗಿ ಸುತ್ತುವ ಎರಡು ಉರುಳೆಗಳು ಕೂಡುವ ಸಂದು ಬೆರಳ ತುದಿಯನ್ನು ಹಿಡಿಯಿತೆಂದರೆ ಕೈಯನ್ನೇ ಒಳಗೆ ಸೆಳೆದುಕೊಳ್ಳುತ್ತದೆ. ಉರುಳೆ ಕಾದಿದ್ದರೆ ಜಜ್ಜುಗಾಯದೊಡನೆ ಸುಟ್ಟಗಾಯವೂ ಸೇರುತ್ತದೆ. ಹೀಗೆ ಸ್ಥಾಪನೆಯ ದಿನದ ಅಲಕ್ಷ್ಯ ಎಷ್ಟೋ ತಿಂಗಳ ನಂತರ ಮತ್ತೊಬ್ಬನ ಕೈಗೆ ಎರವಾಗಬಹುದು.

ನೆಲದ ಗುಣ

ಚೆನ್ನೈನ ನೆಲ ಎಲ್ಲೆಡೆ ಒಂದೇ ಬಗೆಯದಲ್ಲ. ಕಡಲಂಚಿನಲ್ಲಿ ಮರಳು, ಗಿಂಡಿ, ವೇಳಚೇರಿಗಳ ಕಡೆ ಗಟ್ಟಿಬಂಡೆ, ಪೆರಂಬೂರು, ಅಣ್ಣಾನಗರದಂಥ ಭಾಗಗಳಲ್ಲಿ ಜೇಡಿಮಣ್ಣು. ಜೇಡಿ ಬೇಸಿಗೆಯಲ್ಲಿ ಕುಗ್ಗಿ, ಐಪ್ಪಸಿ ಕಾರ್ತಿಕಗಳ ಮಳೆಗೆ ಉಬ್ಬುತ್ತದೆ. ಆದುದರಿಂದ ಅಂಥ ನೆಲದಲ್ಲಿ ಯಂತ್ರಕ್ಕೆ ಪ್ರತ್ಯೇಕವಾದ ಕಾಂಕ್ರೀಟ್ ಅಡಿಪಾಯ ಬೇಕು. ಅದರ ಆಳವನ್ನು ಎಂಜಿನಿಯರರೇ ಗೊತ್ತುಪಡಿಸಬೇಕು. ಕಾಂಕ್ರೀಟಿನ ಬಲವನ್ನು ಸಾಮಾನ್ಯವಾಗಿ 28 ದಿನಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಅವಸರಪಟ್ಟು ವಾರದೊಳಗೆ ಭಾರ ಹೇರುವುದು ಸರಿಯಲ್ಲ. 2015ರ ಡಿಸೆಂಬರಿನ ಪ್ರವಾಹದಲ್ಲಿಯೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ಮಳೆಯಲ್ಲಿಯೂ ನಗರದ ಕೈಗಾರಿಕಾ ಪ್ರದೇಶಗಳಿಗೆ ನೀರು ನುಗ್ಗಿತ್ತು. ನೀರು ನಿಂತಿದ್ದ ಯಂತ್ರವನ್ನು ಒಣಗಿಸಿದರಷ್ಟೇ ಸಾಲದು. ವಿದ್ಯುತ್ ಭಾಗಗಳನ್ನು ಪರೀಕ್ಷಿಸಿ, ಮಟ್ಟವನ್ನೂ ಹೊಸದಾಗಿ ನೋಡಬೇಕು.

ಇಳಿಸುವಾಗಿನ ಎಚ್ಚರ

ಎತ್ತುವ ಮುನ್ನ ಯಂತ್ರದ ತೂಕವನ್ನೂ ಭಾರಕೇಂದ್ರವನ್ನೂ ತಯಾರಕರ ನಕ್ಷೆಯಲ್ಲಿ ನೋಡಿಕೊಳ್ಳಬೇಕು. ಉರುಳೆಗಳಿಗೆ ಹಗ್ಗ ಕಟ್ಟದೆ, ಎತ್ತುವುದಕ್ಕೆಂದೇ ಗುರುತಿಸಿದ ಕೊಂಡಿಗಳಿಗೆ ಮಾತ್ರ ಕಟ್ಟಬೇಕು. ಹಗ್ಗಗಳ ಕೋನವೂ ಮುಖ್ಯ. 2 ಟನ್ ಭಾರವನ್ನು ಎರಡು ನೇರ ಹಗ್ಗಗಳಿಂದ ಸಮನಾಗಿ ಎತ್ತಿದರೆ ಒಂದೊಂದರ ಮೇಲೆ 1 ಟನ್ ಸೆಳೆತ ಬೀಳುತ್ತದೆ. ಅವೇ ಹಗ್ಗಗಳು ಅಗಲಿಸಿಕೊಂಡು ನೆಲಮಟ್ಟದೊಡನೆ 30 ಡಿಗ್ರಿ ಕೋನಕ್ಕೆ ಇಳಿದರೆ ಒಂದೊಂದೂ 2 ಟನ್ ಸೆಳೆತವನ್ನು ತಾಳಬೇಕಾಗುತ್ತದೆ. ಭಾರವೆತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು 12 ತಿಂಗಳಿಗೊಮ್ಮೆಯಾದರೂ ಅರ್ಹರಿಂದ ತಪಾಸಣೆ ಮಾಡಿಸಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯೇ ವಿಧಿಸಿತ್ತು.

ಸನ್ನೆ ಮಾಡುವವನು ಒಬ್ಬನೇ ಇರಬೇಕು. ತೂಗುವ ಭಾರದ ಕೆಳಗೆ ಯಾರೂ ನಿಲ್ಲಕೂಡದು. ಜಾಕಿಯಿಂದ ಸ್ವಲ್ಪ ಎತ್ತಿದೊಡನೆ ಅಷ್ಟೇ ದಪ್ಪದ ಆಸರೆಯನ್ನು ಅಡಿಗೆ ಕೊಟ್ಟು, ಆಮೇಲೆ ಮುಂದಕ್ಕೆ ಎತ್ತಬೇಕು. ಜಾಕಿಯನ್ನು ನಂಬಿ ಕೈಯನ್ನಾಗಲಿ ಕಾಲನ್ನಾಗಲಿ ಅಡಿಗೆ ಚಾಚಬಾರದು. "ಹತ್ತು ಜನ ಸೇರಿ ತಳ್ಳಿಬಿಡೋಣ" ಎಂಬ ಉತ್ಸಾಹ ಬೆನ್ನುಮೂಳೆಗೆ ಅಪಾಯಕರ.

ಮಟ್ಟ ನೋಡುವ ಕ್ರಮ

ತಮಿಳು ಗಾರೆಯವರು ರಸಮಟ್ಟಂ ಎನ್ನುವ ಸಾಧಾರಣ ಮಟ್ಟಮಾಪಕ ಗೋಡೆಗೆ ಸಾಕು, ಯಂತ್ರಕ್ಕೆ ಸಾಲದು. ಒಂದು ಮೀಟರ್ ಉದ್ದಕ್ಕೆ 0.02 ಮಿಲಿಮೀಟರ್ ಏರಿಳಿತವನ್ನೂ ತೋರಿಸಬಲ್ಲ ಸೂಕ್ಷ್ಮ ಮಾಪಕ ಬೇಕು. ಉರುಳೆಯನ್ನು ಒರೆಸಿ, ಮಾಪಕವಿಟ್ಟು, ಗುಳ್ಳೆಯ ಸ್ಥಾನ ಬರೆದುಕೊಂಡು, ಮಾಪಕವನ್ನು ತಿರುಗುಮುರುಗಾಗಿಸಿ ಅದೇ ಜಾಗದಲ್ಲಿ ಮತ್ತೆ ಇಡಬೇಕು. ಗುಳ್ಳೆ ಎರಡು ಸಲವೂ ಯಂತ್ರದ ಒಂದೇ ಬದಿಗೆ ಅಷ್ಟೇ ಸರಿದರೆ ದೋಷ ಯಂತ್ರದ್ದು. ಮಾಪಕದೊಡನೆ ತಾನೂ ಬದಿ ಬದಲಿಸಿದರೆ ದೋಷ ಮಾಪಕದ್ದು. ಉದ್ದಕ್ಕೂ ಅಡ್ಡಕ್ಕೂ ಹೀಗೆ ನೋಡಿ, ತಗ್ಗಿದ ಕಡೆ ಉಕ್ಕಿನ ತೆಳುತಗಡುಗಳನ್ನು ಕೊಡಬೇಕು. ರಟ್ಟು, ಮರದ ಚಕ್ಕೆಗಳು ಕಾಲಕ್ರಮದಲ್ಲಿ ಅಮುಕಿಹೋಗುತ್ತವೆ. ಬೋಲ್ಟುಗಳನ್ನು ಬಿಗಿದ ಮೇಲೆ ಒಮ್ಮೆ, ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸುವುದು ಅಗತ್ಯ.

ಬಿಸಿಲಿನ ಪಾತ್ರವನ್ನೂ ಮರೆಯಲಾಗದು. ಒಂದು ಮೀಟರ್ ಉಕ್ಕು 10 ಡಿಗ್ರಿ ಕಾದರೆ ಸುಮಾರು 0.12 ಮಿಲಿಮೀಟರ್ ಹಿಗ್ಗುತ್ತದೆ. ಕಿಟಕಿಯ ಬಿಸಿಲು ಒಂದೇ ಪಕ್ಕಕ್ಕೆ ಬೀಳುತ್ತಿರುವಾಗ ಹೊಂದಿಸಿದ ಮಟ್ಟ ಸಂಜೆಗೆ ತಪ್ಪಿರಬಹುದು.

ಚಾಲನೆಗೆ ಮುನ್ನ

ಉರುಳೆಗಳ ಸಂದಿಗೆ ತಡೆಗಂಬಿ ಹಾಗೂ ಕೈಗೆಟಕುವ ತುರ್ತು ನಿಲುಗಡೆಯ ಗುಂಡಿ ಇರಲೇಬೇಕು. ದ್ರಾವಕ ಬೆರೆತ ಅಂಟುಗಳಲ್ಲಿ ಬಳಸುವ ಈಥೈಲ್ ಅಸಿಟೇಟಿನ ಆವಿ ಬಲುಬೇಗ ಹೊತ್ತಿಕೊಳ್ಳುವಂಥದು. ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿ ಸಂಗ್ರಹವಾಗುತ್ತದೆ. ಓಡುವ ಪ್ಲಾಸ್ಟಿಕ್ ಹಾಳೆಯಲ್ಲಿ ಹುಟ್ಟುವ ಸ್ಥಿರವಿದ್ಯುತ್ತಿನ ಕಿಡಿಯೊಂದೇ ಅದಕ್ಕೆ ಸಾಕು. ಆದ್ದರಿಂದ ಭೂಸಂಪರ್ಕ, ಸ್ಥಿರವಿದ್ಯುತ್ ನಿವಾರಕ ಮತ್ತು ಆವಿಯನ್ನು ಹೊರದೂಡುವ ವ್ಯವಸ್ಥೆಗಳು ಮೊದಲೇ ಸಿದ್ಧವಿರಬೇಕು. ದುರಸ್ತಿ ಮಾಡುವವನು ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು.

ಅಪಘಾತವಾದಲ್ಲಿ

ಕೈ ಸಿಕ್ಕಿದರೆ ಎಳೆಯಬಾರದು. ಯಂತ್ರ ನಿಲ್ಲಿಸಿ, ಒತ್ತಡ ಇಳಿಸಿ, ಉರುಳೆಗಳನ್ನು ಅಗಲಿಸಿ ಬಿಡಿಸಬೇಕು. ಸುಟ್ಟ ಭಾಗದ ಮೇಲೆ 20 ನಿಮಿಷ ತಣ್ಣೀರು ಹರಿಯಬಿಡಬೇಕು; ಶಾಯಿ, ಹಲ್ಲುಪುಡಿ, ಮಂಜುಗಡ್ಡೆ ಸಲ್ಲದು. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಬೇಕು. ಬೆರಳು ತುಂಡಾಗಿದ್ದರೆ ಅದನ್ನು ಶುಭ್ರವಾದ ಒದ್ದೆಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜಿನ ನೀರಿನಲ್ಲಿಟ್ಟು ಗಾಯಾಳುವಿನ ಜೊತೆಗೇ ಒಯ್ಯಬೇಕು. 108ಕ್ಕೆ ಕರೆಮಾಡಲು ತಡಮಾಡಬಾರದು. ಚೆನ್ನೈನ ಸ್ಟಾನ್ಲಿ ಆಸ್ಪತ್ರೆಯ ಕೈಶಸ್ತ್ರಚಿಕಿತ್ಸಾ ವಿಭಾಗ ಇಂಥ ಗಾಯಗಳ ಚಿಕಿತ್ಸೆಗೆ ಹೆಸರಾದುದು.

ಆದರೆ ಎಷ್ಟೇ ನುರಿತ ವೈದ್ಯರಿಗೂ ಜಜ್ಜಿದ ಕೈಯನ್ನು ಮೊದಲಿನಂತೆಯೇ ಮಾಡಿಕೊಡುವುದು ಎಲ್ಲ ವೇಳೆಯಲ್ಲಿಯೂ ಸಾಧ್ಯವಾಗದು. ಯಂತ್ರವನ್ನು ಸಮನಾಗಿ ಕೂರಿಸಲು ಹಿಡಿಯುವ ಹೆಚ್ಚಿನ ಒಂದೆರಡು ದಿನಗಳನ್ನು ಮಾಲೀಕರು ನಷ್ಟದ ಬಾಬ್ತಿಗೆ ಬರೆಯದಿರಲಿ. ಸುಕ್ಕು ಕಂಡೊಡನೆ ಯಂತ್ರ ನಿಲ್ಲಿಸಿದ ಕೆಲಸಗಾರನನ್ನು ಮೇಸ್ತ್ರಿ ಗದರದಿರಲಿ. ಇವೆರಡನ್ನೂ ಪಾಲಿಸಿದ ಕಾರ್ಖಾನೆಯಲ್ಲಿ ಹಾಳೆಯೂ ನೇರವಾಗಿ ಸಾಗುತ್ತದೆ, ದುಡಿಯಲು ಬಂದವನೂ ಸಂಜೆ ಹತ್ತು ಬೆರಳುಗಳೊಡನೆ ಮನೆ ಸೇರುತ್ತಾನೆ.