ಕ್ಲಚ್ ಜಾರುತ್ತದೋ, ಅಂಟುತ್ತದೋ? ಮೊದಲು ರೋಗ ಗುರುತಿಸಿ



ನಮ್ಮ ಕಡೆ ಹೊಲಕ್ಕೆ ಗೊಬ್ಬರದ ಚೀಲ ಒಯ್ಯಲಿಕ್ಕೂ ಸೈಕಲ್ ಮೋಟರೇ ಬೇಕು, ಗಂಗಾವತಿಗೆ ಕೆಲಸಕ್ಕೆ ಹೋಗಲಿಕ್ಕೂ ಅದೇ ಬೇಕು. ಅದು ಕೆಟ್ಟು ನಿಂತರೆ ಅವತ್ತಿನ ಕೂಲಿ ಹೋದಂತೆಯೇ. ಹಳೇ ಗಾಡಿ ಇದ್ದವರ ಬಾಯಲ್ಲಿ ಒಂದು ದೂರು ಮೇಲಿಂದ ಮೇಲೆ ಬರುತ್ತದೆ: "ಕ್ಲಚ್ ಸರಿ ಇಲ್ಲಪಾ." ಆದರೆ ಈ ಒಂದು ಮಾತಿನೊಳಗೆ ಎರಡು ರೋಗ ಅಡಗಿವೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಇವೆರಡನ್ನು ಬೇರೆ ಮಾಡಿ ತಿಳಿಯುವುದು ಹೇಗೆ ಅಂತ ನೋಡೋಣ.

ಕ್ಲಚ್ ಅಂದರೇನು?

ನಿಮ್ಮ ಎರಡೂ ಅಂಗೈಗಳನ್ನು ಒತ್ತಿ ಹಿಡಿಯಿರಿ. ಒಂದನ್ನು ತಿರುಗಿಸಿದರೆ ಇನ್ನೊಂದೂ ತಿರುಗುತ್ತದೆ. ಸ್ವಲ್ಪ ದೂರ ಮಾಡಿರಿ. ಈಗ ಒಂದು ತಿರುಗಿದರೂ ಇನ್ನೊಂದು ಸುಮ್ಮನಿರುತ್ತದೆ. ಕ್ಲಚ್ ಕೆಲಸ ಇಷ್ಟೇ. ಗಾಡಿಯಲ್ಲಿ ಅಂಗೈ ಬದಲು ರೊಟ್ಟಿ ಅಟ್ಟಿದ ಹಾಗೆ ಒಂದರ ಮೇಲೊಂದು ಪ್ಲೇಟ್‌ಗಳಿರುತ್ತವೆ. ಅರ್ಧ ಪ್ಲೇಟ್ ಎಂಜಿನ್ ಜೋಡಿ ತಿರುಗುತ್ತವೆ, ಅರ್ಧ ಪ್ಲೇಟ್ ಗೇರಿನ ಜೋಡಿ. ಸ್ಪ್ರಿಂಗ್‌ಗಳು ಅವನ್ನು ಬಿಗಿಯಾಗಿ ಒತ್ತಿ ಹಿಡಿದಿರುತ್ತವೆ. ನಾವು ಲಿವರ್ ಹಿಡಿದಾಗ ವಾಯರ್ ಎಳೆದು, ಸ್ಪ್ರಿಂಗಿನ ಒತ್ತಡ ತೆಗೆದು, ಪ್ಲೇಟ್‌ಗಳು ಬೇರೆಯಾಗುತ್ತವೆ.

ಎರಡು ರೋಗಗಳು

1. ಜಾರುವ ರೋಗ: ಎಕ್ಸಲೇಟರ್ ಕೊಟ್ಟರೆ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಎಳಿಯಂಗಿಲ್ಲ. ಏರಿನಲ್ಲಿ, ಲೋಡ್ ಇದ್ದಾಗ ಇದು ಹೆಚ್ಚು. ಪ್ಲೇಟ್‌ಗಳು ಪೂರಾ ಕೂಡುತ್ತಿಲ್ಲ ಎಂದರ್ಥ.

2. ಅಂಟುವ ರೋಗ: ಲಿವರ್ ಪೂರಾ ಹಿಡಿದರೂ ಗಾಡಿ ಮುಂದಕ್ಕೆ ಜಗ್ಗುತ್ತದೆ. ಗೇರ್ ಹಾಕಿದರೆ "ಖಟ್" ಅನ್ನುತ್ತದೆ, ನ್ಯೂಟ್ರಲ್ ಸಿಗಂಗಿಲ್ಲ. ಪ್ಲೇಟ್‌ಗಳು ಪೂರಾ ಬಿಡುತ್ತಿಲ್ಲ ಎಂದರ್ಥ.

ಎರಡನೆಯದು ಬರೀ ತೊಂದರೆಯಲ್ಲ, ಅಪಾಯ. ಕನಕಾಚಲಪತಿ ಜಾತ್ರೆಯ ಗದ್ದಲದಲ್ಲಿ ಗೇರ್ ಹಾಕಿ, ಲಿವರ್ ಹಿಡಿದು ನಿಂತಿದ್ದೀರಿ ಎಂದುಕೊಳ್ಳಿ. ಗಾಡಿ ತಾನಾಗಿ ಒಂದು ಮೊಳ ಮುಂದೆ ಹೋದರೆ ಎದುರಿಗೆ ಇರುವುದು ಯಾರದೋ ಕೂಸು.

ತಪ್ಪಾಗುವುದು ಇಲ್ಲೇ

ಪ್ಲೇಟ್ ಸವೆದಂತೆ ವಾಯರಿನ ಸಡಿಲ ಕಡಿಮೆಯಾಗುತ್ತಾ ಬರುತ್ತದೆ. ಸಡಿಲ ಇಲ್ಲವೇ ಇಲ್ಲ ಅಂದರೆ ನಾವು ಲಿವರ್ ಮುಟ್ಟದಿದ್ದರೂ ವಾಯರ್ ಸದಾ ಎಳೆದಂತಿರುತ್ತದೆ. ಆಗ ಕ್ಲಚ್ ಜಾರುತ್ತದೆ. ವಾಯರ್ ಹಿಗ್ಗಿದರೆ ಇದರ ಉಲ್ಟಾ: ಸಡಿಲ ಹೆಚ್ಚಾಗಿ, ಎಳೆತ ಸಾಲದೆ, ಕ್ಲಚ್ ಅಂಟುತ್ತದೆ.

ಹಾಗಾಗಿ ಜಾರುವ ಕ್ಲಚ್‌ಗೆ ಸಡಿಲ ಕೊಡಬೇಕು, ಅಂಟುವ ಕ್ಲಚ್‌ಗೆ ಬಿಗಿ ಮಾಡಬೇಕು. "ಕ್ಲಚ್ ಸರಿ ಇಲ್ಲ" ಅಂದ ಕೂಡಲೇ ಪಾನಾ ತಗೊಂಡು ಬಿಗಿ ಮಾಡಿದರೆ, ಜಾರುವ ಕ್ಲಚ್ ಇನ್ನೂ ಜಾರಿ ಪ್ಲೇಟ್ ಸುಟ್ಟು ಹೋಗುತ್ತದೆ. ನಟ್ಟು ತಿರುಗಿಸಿದರೆ ಮುಗಿಯುವ ಕೆಲಸಕ್ಕೆ ಹೊಸ ಪ್ಲೇಟ್ ಸೆಟ್ಟಿನ ರೊಕ್ಕ ಕೊಡಬೇಕಾಗುತ್ತದೆ.

ಪರೀಕ್ಷೆ ಮಾಡುವ ಕ್ರಮ (ಎಂಜಿನ್ ಬಂದ್ ಇರಲಿ)

ಅ) ಲಿವರಿನ ತುದಿ ಒಂದು ಬೆರಳಿಂದ ಎಳೆಯಿರಿ. ಬಿಗಿ ಹತ್ತುವ ಮೊದಲು ಎಷ್ಟು ಸಡಿಲ ಇದೆ? ಬಹಳ ಗಾಡಿಗಳಿಗೆ 10ರಿಂದ 20 ಮಿ.ಮೀ. ಇದ್ದರೆ ಸರಿ. ಸರಿಯಾದ ಅಳತೆ ಗಾಡಿಯ ಪುಸ್ತಕದಲ್ಲಿರುತ್ತದೆ.

ಆ) ವಾಯರಿನ ಎರಡೂ ತುದಿ ನೋಡಿರಿ. ಒಂದೆರಡು ಎಳೆ ಹರಿದಿದ್ದರೆ ಇಂದೇ ಬದಲಿಸಿರಿ. ಅದು ನಡುದಾರಿಯಲ್ಲೇ ಹರಿಯುವುದು. ನಮ್ಮ ಧೂಳಿಗೆ ವಾಯರ್ ಒಳಗೆ ಹಿಡಿದುಕೊಳ್ಳುತ್ತದೆ. ಬಿಚ್ಚಿ ನೇತುಹಾಕಿ ಮೇಲಿನಿಂದ ಎಣ್ಣೆ ಹನಿ ಬಿಟ್ಟರೆ ಹಗುರಾಗುತ್ತದೆ.

ಇ) ಗೇರ್ ಹಾಕಿ, ಲಿವರ್ ಪೂರಾ ಹಿಡಿದು ಗಾಡಿ ನೂಕಿರಿ. ಸರಾಗ ಉರುಳಿದರೆ ಕ್ಲಚ್ ಬಿಡುತ್ತಿದೆ. ಚಕ್ರ ತಡೆದರೆ ಅಂಟಿದೆ. ಬಹಳ ದಿನ ನಿಂತ ಗಾಡಿಯಾದರೆ ಹೀಗೇ ಲಿವರ್ ಹಿಡಿದು ಹಿಂದೆ ಮುಂದೆ ಆಡಿಸಿದರೆ ಅಂಟಿದ ಪ್ಲೇಟ್ ಬಿಡುವುದುಂಟು.

ಈ) ಇಷ್ಟಾದರೂ ಜಾರಿದರೆ ಪ್ಲೇಟ್ ಸವೆದಿರಬೇಕು, ಸ್ಪ್ರಿಂಗ್ ಸೋತಿರಬೇಕು, ಇಲ್ಲವೆ ಆ ಗಾಡಿಗೆ ಹೊಂದದ ಆಯಿಲ್ ಹಾಕಿರಬೇಕು. ಇಷ್ಟಾದರೂ ಅಂಟಿದರೆ ಪ್ಲೇಟ್ ಸೊಟ್ಟಗಾಗಿರಬಹುದು. ಎಂಜಿನ್ ಬಿಚ್ಚುವ ಮಾತು ಈಗ, ಕೊನೆಗೆ.

ಮೈಸೂರಿನ ಗಾಡಿಯ ಒಂದು ಸುಳಿವು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಆಮೇಲೆ ಯೆಜ್ಡಿ ಗಾಡಿಗಳು ತಯಾರಾದವು. ಕಾರ್ಖಾನೆ ಮುಚ್ಚಿದರೂ ಗಾಡಿಗಳು ಇನ್ನೂ ಓಡುತ್ತಿವೆ. ಹಳೇ ಜಾವಾದಲ್ಲಿ ಕಿಕ್‌ಗೂ ಗೇರ್‌ಗೂ ಒಂದೇ ಲಿವರ್. ಅದರಲ್ಲಿ ಇನ್ನೊಂದು ಚಮತ್ಕಾರ: ಕಾಲಿಂದ ಗೇರ್ ಒತ್ತಿದಾಗ ಕ್ಲಚ್ ತಾನೇ ಬಿಡುತ್ತದೆ. ಅಂದಮೇಲೆ ಕಾಲಿಂದ ಒತ್ತಿದಾಗ ಕ್ಲಚ್ ಚೆನ್ನಾಗಿ ಬಿಟ್ಟು, ಕೈಯಿಂದ ಹಿಡಿದಾಗ ಬಿಡದಿದ್ದರೆ ದೋಷ ಪ್ಲೇಟಿನದಲ್ಲ, ವಾಯರಿನ ಕಡೆಯದು ಎಂದು ಕೂತಲ್ಲೇ ಹೇಳಬಹುದು.

ವಾಯರ್ ಇಲ್ಲದ ಕ್ಲಚ್

ಕೆಲವು ಲಾರಿ, ಕಾರುಗಳಲ್ಲಿ ಹಾಗೂ 1984ರ ಹೋಂಡಾ ಗೋಲ್ಡ್ ವಿಂಗ್‌ನಂಥ ದೊಡ್ಡ ಸೈಕಲ್ ಮೋಟರ್‌ಗಳಲ್ಲಿ ವಾಯರ್ ಬದಲು ಎಣ್ಣೆ ಕೆಲಸ ಮಾಡುತ್ತದೆ. ಇದಕ್ಕೆ ಹೈಡ್ರಾಲಿಕ್ ಕ್ಲಚ್ ಎನ್ನುತ್ತಾರೆ. ನಮ್ಮೂರ ಡಿಸ್ಕ್ ಬ್ರೇಕ್ ಗಾಡಿಗಳ ಹ್ಯಾಂಡಲ್ ಮೇಲೆ ಎಣ್ಣೆ ಡಬ್ಬಿ ನೋಡಿದ್ದೀರಲ್ಲ, ಅದೇ ಪದ್ಧತಿ. ವಿಜ್ಞಾನದ ಪಾಠದಲ್ಲಿ ಬರುವ ಪಾಸ್ಕಲ್ ನಿಯಮವೇ ಇಲ್ಲಿಯೂ: ಮುಚ್ಚಿದ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಬ್ಬುತ್ತದೆ. ಎಂಜಿನ್ ಕಡೆಯ ಪಿಸ್ಟನ್ನಿನ ವಿಸ್ತೀರ್ಣ ಎರಡು ಪಟ್ಟು ಇದ್ದರೆ ಬಲವೂ ಎರಡು ಪಟ್ಟು, ಆದರೆ ಸರಿಯುವ ದೂರ ಅರ್ಧ.

ಇಲ್ಲಿಯೂ ರೋಗ ಅವೇ ಎರಡು. ಎಣ್ಣೆಯಲ್ಲಿ ಗಾಳಿ ಸೇರಿದರೆ ಲಿವರ್ ಮೆತ್ತಗಾಗುತ್ತದೆ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಾವು ಒತ್ತಿದ್ದು ಗಾಳಿಯನ್ನು ಕುಗ್ಗಿಸುವುದರಲ್ಲೇ ಹೋಗಿ ಕ್ಲಚ್ ಅಂಟುತ್ತದೆ. ನಾಲ್ಕಾರು ಸಲ ಲಿವರ್ ಪಂಪ್ ಮಾಡಿದಾಗ ಗಟ್ಟಿಯಾದರೆ ಬಹುಶಃ ಗಾಳಿಯೇ. ಆ ಗಾಳಿಯನ್ನು ಹೊರಗೆ ತೆಗೆಯಬೇಕು. ಎಣ್ಣೆ ವಾಪಸ್ ಬರುವ ಸಣ್ಣ ತೂತು ಕಸದಿಂದ ಕಟ್ಟಿದರೆ ಒತ್ತಡ ಒಳಗೇ ಉಳಿದು ಕ್ಲಚ್ ಜಾರುತ್ತದೆ.

ಒಂದು ವಿಚಿತ್ರ ಕೇಳಿರಿ. ಬ್ರೇಕ್ ಸವೆದಂತೆ ಅದರ ಡಬ್ಬಿಯ ಎಣ್ಣೆ ಇಳಿಯುತ್ತದೆ. ಇಂಥ ಸೈಕಲ್ ಮೋಟರಿನ ಕ್ಲಚ್ ಪ್ಲೇಟ್ ಸವೆದರೆ ಎಣ್ಣೆ ಸ್ವಲ್ಪ ಏರುತ್ತದೆ, ಯಾಕಂದರೆ ಪಿಸ್ಟನ್ ಹಿಂದಕ್ಕೆ ಸರಿದು ಎಣ್ಣೆಯನ್ನು ಡಬ್ಬಿಗೆ ತಳ್ಳುತ್ತದೆ. ಆದ್ದರಿಂದ ಕ್ಲಚ್ ಡಬ್ಬಿಯ ಎಣ್ಣೆ ಇಳಿದಿದ್ದರೆ ಸುಮ್ಮನೆ ತುಂಬಿಸಬೇಡಿ, ಎಲ್ಲೋ ಸೋರುತ್ತಿದೆ, ಹುಡುಕಿರಿ. ಮುಚ್ಚಳದ ಮೇಲೆ ಬರೆದ ಎಣ್ಣೆಯನ್ನೇ ಹಾಕಬೇಕು. ಬ್ರೇಕ್ ಎಣ್ಣೆ ಬಣ್ಣದ ಮೇಲೆ ಬಿದ್ದರೆ ಬಣ್ಣ ಕಿತ್ತುಬರುತ್ತದೆ. ಕೂಡಲೇ ನೀರು ಹಾಕಿ ತೊಳೆಯಿರಿ.

ಕೊನೆಯ ಮಾತು

ಕಣ್ಣಿದ್ದವರು ಕನಕಗಿರಿ ನೋಡಬೇಕು ಎನ್ನುತ್ತಾರೆ ಹಿರಿಯರು. ಕನಕಗಿರಿಯವರಾದ ನಾವು ಕಣ್ಣಿಟ್ಟು ನೋಡುವುದನ್ನು ಗಾಡಿಗೂ ಕಲಿಯೋಣ. ಮೇಸ್ತ್ರಿ ಹತ್ತಿರ ಹೋದಾಗ "ಕ್ಲಚ್ ಸರಿ ಇಲ್ಲ" ಅನ್ನಬೇಡಿ. "ಸಡಿಲ 15 ಮಿ.ಮೀ. ಐತ್ರಿ, ಆದ್ರೂ ಏರಿನ್ಯಾಗ ಜಾರತೈತಿ" ಅನ್ನಿರಿ. ಆಗ ಅವರಿಗೂ ಕೆಲಸ ಸುಲಭ, ನಮ್ಮ ರೊಕ್ಕವೂ ಉಳಿಯಿತು.

ಇವತ್ತು ಸಂಜೆ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ತಗೊಂಡು ನಿಮ್ಮ ಮನೆಯ ಗಾಡಿಯ ಲಿವರ್ ಸಡಿಲ ಅಳೆದು ಬರ್ರಿ. ಎಷ್ಟು ಬಂತು ಎಂದು ನಾಳೆ ಈ ಹಾಳೆಯ ಕೆಳಗೆ ಪೆನ್ಸಿಲ್‌ನಲ್ಲಿ ಬರೆಯಿರಿ.