ಕೋಡಿ ಕೆಳಗಿನ ಸೈಟು

ಎರಡು ತಿಂಗಳ ಹಿಂದೆ ಅಪ್ಪ ಮದ್ದೂರಿನ ಹತ್ತಿರ ಒಂದು ಸೈಟು ನೋಡಿ ಬಂದರು. ಮೂವತ್ತು-ನಲವತ್ತು, ಪೂರ್ವಕ್ಕೆ ಬಾಗಿಲು, ಪಕ್ಕದ ಬಡಾವಣೆಗಿಂತ ಬೆಲೆಯೂ ಕಡಿಮೆ. ಅಡ್ವಾನ್ಸ್ ಐವತ್ತು ಸಾವಿರ ಕೊಟ್ಟೂ ಆಗಿತ್ತು. ದೇವರ ಮನೆ ಯಾವ ಮೂಲೆಗೆ ಎಂದು ಅಮ್ಮ ಲೆಕ್ಕ ಹಾಕುತ್ತಿದ್ದಾಗ, ಮಂಡ್ಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವ ಮಗ ಒಮ್ಮೆ ನೋಡಲಿ ಎಂದು ನನ್ನನ್ನೂ ಕರೆದೊಯ್ದರು.

ಸೈಟಿನ ಹಿಂದೆ ಕೆರೆ ಏರಿ. ಎಡಕ್ಕೆ ಕೋಡಿ. ಕೋಡಿಯಿಂದ ಇಳಿದ ಹಳ್ಳ ಜೊಂಡಿನ ನಡುವೆ ಬಂದು ಬಡಾವಣೆಯ ಬೇಲಿ ಹತ್ತಿರ ಇದ್ದಕ್ಕಿದ್ದಂತೆ ಕಾಣೆಯಾಗಿತ್ತು. ಮಣ್ಣು ಸುರಿದು ಮಟ್ಟ ಮಾಡಿದ್ದರು. ಹಳ್ಳ ಎಲ್ಲಿ ಹೋಯಿತು ಎಂದು ಕೇಳಿದೆ. 'ಯಾವಾಗ್ಲೋ ಒಂದ್ಸಲ ನೀರ್ ಬತ್ತದೆ, ಬುಡಪ್ಪ' ಅಂದರು ಸೈಟು ತೋರಿಸಲು ಬಂದಿದ್ದವರು.

ಆ 'ಯಾವಾಗ್ಲೋ ಒಂದ್ಸಲ' ನನ್ನ ತಲೆ ಕೊರೆಯತೊಡಗಿತು. ನಮ್ಮ ಪಠ್ಯದಲ್ಲಿ 'ನೂರು ವರ್ಷದ ಪ್ರವಾಹ' ಎಂಬ ಮಾತಿದೆ. ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದಲ್ಲ ಅದರ ಅರ್ಥ. ಪ್ರತಿ ವರ್ಷವೂ ಬರುವ ಸಾಧ್ಯತೆ ನೂರಕ್ಕೆ ಒಂದು, ಅಷ್ಟೆ. ಇಪ್ಪತ್ತು ವರ್ಷದ ಗೃಹಸಾಲ ತೀರುವಷ್ಟರಲ್ಲಿ ಅದು ಒಮ್ಮೆಯಾದರೂ ಬರುವ ಸಾಧ್ಯತೆ ಶೇ 18. ಇಪ್ಪತ್ತೈದು ವರ್ಷದ ಪ್ರವಾಹವಾದರೆ ಶೇ 56! ನಾಣ್ಯ ಚಿಮ್ಮಿದಂತೆಯೇ. ಆ ರಾತ್ರಿ ಕ್ಯಾಲ್ಕುಲೇಟರ್‌ನಲ್ಲಿ ಇದನ್ನು ತೋರಿಸಿದಾಗ ಅಪ್ಪ ಏನೂ ಹೇಳದೆ ಎದ್ದು ಹೋದರು.

ನಮ್ಮ ಜಿಲ್ಲೆಗೆ ನೀರು ಹೊಸದಲ್ಲ. ಕೆಆರ್‌ಎಸ್ 124.80 ಅಡಿ ತಲುಪಿತೆಂದರೆ ನಮಗೆ ಹಬ್ಬ, ನದಿ ಪಾತ್ರದವರಿಗೆ ಎಚ್ಚರಿಕೆ. ಶಿಂಷಾ ನದಿ ತುಮಕೂರು ಜಿಲ್ಲೆಯಲ್ಲಿ ಹುಟ್ಟಿ, ಮಾರ್ಕೋನಹಳ್ಳಿ ಜಲಾಶಯ ದಾಟಿ, ಮದ್ದೂರು ಹಾದು, ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿ ಸೇರುತ್ತದೆ. ಮಾರ್ಕೋನಹಳ್ಳಿಯಲ್ಲಿರುವುದು ಸ್ವಯಂಚಾಲಿತ ಸೈಫನ್. ನೀರು ಮಟ್ಟ ಮೀರಿದರೆ ಯಾರೂ ಗೇಟು ಎತ್ತಬೇಕಿಲ್ಲ, ತಾನೇ ಹೊರಬೀಳುತ್ತದೆ. (ನಮ್ಮ ತರಗತಿಯಲ್ಲಿ ಎಲ್ಲರೂ ಒಮ್ಮೆ ಹೋಗಿ ನೋಡಲೇಬೇಕಾದ ಜಾಗ.) ಆದರೆ 2022ರ ಮಳೆಗಾಲದಲ್ಲಿ ಮಂಡ್ಯದ ಬೀಡಿ ಕಾರ್ಮಿಕರ ಕಾಲೊನಿಗೆ ನುಗ್ಗಿದ್ದು ನದಿಯ ನೀರಲ್ಲ, ಕೆರೆಗಳ ನೀರು. ನಮ್ಮ ಸೈಟಿನ ಕಥೆಯೂ ಅದೇ ಜಾತಿಯದು.

ಕಾನೂನು ಇಲ್ಲವೇ? ಇದೆ. ರಾಜ್ಯದ 2014ರ ಕೆರೆ ಸಂರಕ್ಷಣೆ ಕಾಯ್ದೆ ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಮನೆ ಕಟ್ಟುವುದನ್ನು ನಿಷೇಧಿಸಿತು. ಹಳ್ಳ, ಕಾಲುವೆಗಳ ಜಾಗ ಕಂದಾಯ ದಾಖಲೆಯಲ್ಲಿ ಬಿ-ಖರಾಬು, ಅಂದರೆ ಸಾರ್ವಜನಿಕ ಆಸ್ತಿ. ಆದರೆ ನದಿಯ ನೆರೆಬಯಲನ್ನು ವಲಯಗಳಾಗಿ ಗುರುತಿಸಿ, ಎಲ್ಲಿ ಕಟ್ಟಬಹುದು, ಎಲ್ಲಿ ಕೂಡದು ಎನ್ನುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಕೇಂದ್ರ ಸರ್ಕಾರ ಇದಕ್ಕೊಂದು ಮಾದರಿ ಮಸೂದೆ ಕಳಿಸಿದ್ದು 1975ರಲ್ಲಿ! ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಕೆಲವೇ ರಾಜ್ಯಗಳು ಕಾಯ್ದೆ ಮಾಡಿದವು.

ಇನ್ನು ವಿಮೆ. ಸಾಲದ ಜೊತೆ ಮಾಡಿಸುವ ಜೀವ ವಿಮೆಯೇ ಮನೆಗೂ ಸಾಕು ಎಂದು ಅಪ್ಪ ತಿಳಿದಿದ್ದರು. ಅದು ಸಾಲಗಾರನಿಗೆ, ಗೋಡೆಗಲ್ಲ. ಮನೆಗಾಗಿಯೇ 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪ ಪಾಲಿಸಿ ಇದೆ. ಬೆಂಕಿ, ಭೂಕಂಪದ ಜೊತೆ ಪ್ರವಾಹವೂ ಅದರಲ್ಲಿ ಸೇರಿದೆ. ಲೆಕ್ಕ ಹಿಡಿಯುವುದು ಕಟ್ಟುವ ಖರ್ಚನ್ನು. ಸೈಟಿನ ಬೆಲೆ ಬರುವುದಿಲ್ಲ. ಮನೆಯೊಳಗಿನ ಸಾಮಾನಿಗೆ ಕಟ್ಟಡದ ಮೊತ್ತದ ಶೇ 20, ಗರಿಷ್ಠ 10 ಲಕ್ಷ ರೂಪಾಯಿ ತಾನಾಗಿಯೇ ಸಿಗುತ್ತದೆ. 2019ರ ನೆರೆಯಲ್ಲಿ ಮನೆಗೆ ನೀರು ನುಗ್ಗಿದವರಿಗೆ ಸರ್ಕಾರ ಕೊಟ್ಟ ತುರ್ತು ಪರಿಹಾರ 10 ಸಾವಿರ. ಒಂದು ಫ್ರಿಜ್ಜಿಗೂ ಸಾಲದು. ಭತ್ತಕ್ಕೆ ವಿಮೆ ಕಟ್ಟುವ ನಾವು ಭತ್ತ ತುಂಬಿಟ್ಟ ಮನೆಗೇಕೆ ಕಟ್ಟುವುದಿಲ್ಲವೋ!

ಆದರೂ ವಿಮೆಯನ್ನು ನೆಚ್ಚಿ ಹಳ್ಳದಲ್ಲಿ ಮನೆ ಕಟ್ಟಲಾದೀತೆ? ನಾಳೆ ಒತ್ತುವರಿ ಎಂದು ತೆರವು ಮಾಡಿದರೆ ಅದು ಪ್ರವಾಹವಲ್ಲವಲ್ಲ. ಅಮೆರಿಕದಲ್ಲಿ 1968ರಿಂದ ಇರುವ ಪ್ರವಾಹ ವಿಮೆ ಯೋಜನೆಯಲ್ಲಿ ಎರಡಕ್ಕೂ ಗಂಟು ಹಾಕಿದ್ದಾರೆ: ಊರು ನೆರೆಬಯಲಿನ ಕಟ್ಟಡ ನಿಯಮ ಒಪ್ಪಿಕೊಂಡರೆ ಮಾತ್ರ ಅಲ್ಲಿನವರಿಗೆ ಆ ವಿಮೆ. ನಮ್ಮಲ್ಲಿ ನಿಯಮ ಒಂದು ಕಚೇರಿಯಲ್ಲಿ, ಪಾಲಿಸಿ ಇನ್ನೊಂದರಲ್ಲಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಕೆಲಸ ಕೊಳ್ಳುವವನದು.

ನಾನು ಮಾಡಿದ್ದು ಇಷ್ಟೆ. ಸೈಟಿನಲ್ಲೇ ನಿಂತು ಮೊಬೈಲ್‌ನಲ್ಲಿ 'ದಿಶಾಂಕ್' ಆ್ಯಪ್ ತೆರೆದೆ. ಅದು ಸರ್ವೆ ನಂಬರ್ ತೋರಿಸಿತು. ಆ ನಂಬರಿನ ಪಹಣಿಯಲ್ಲಿ ಬಿ-ಖರಾಬು ಎಷ್ಟಿದೆ ನೋಡಿದೆ. ಹಳೆಯ ಗ್ರಾಮ ನಕ್ಷೆ ತೆಗೆಸಿದೆ. ನಕ್ಷೆಯ ಹಳ್ಳ ಬೇಲಿ ಹತ್ತಿರ ನಿಂತಿರಲಿಲ್ಲ. ನಾವು ಅಡ್ವಾನ್ಸ್ ಕೊಟ್ಟ ಸಾಲಿನ ಪಕ್ಕದಲ್ಲೇ ಸಾಗಿತ್ತು.

ಅಪ್ಪನಿಗೆ ನಕ್ಷೆಗಿಂತ ತಾತನ ಮೇಲೆ ನಂಬಿಕೆ. ಹೋಗಿ ಕೇಳಿದರು. ತಾತ ಎಲೆ ಅಡಿಕೆ ಅಗಿಯುತ್ತಾ, 'ಕೋಡಿಗದ್ದೆ ಅಲ್ವೇನ್ಲಾ ಅದು? ಮೊದ್ಲೇ ನನ್ನ ಕೇಳ್ಬಾರ್ದಾಗಿತ್ತಾ?' ಅಂದರು.

ಅಡ್ವಾನ್ಸ್ ಇನ್ನೂ ವಾಪಸ್ ಬಂದಿಲ್ಲ. ಅಪ್ಪ ಪ್ರತಿ ಸೋಮವಾರ ಫೋನ್ ಮಾಡುತ್ತಿದ್ದಾರೆ.